ನೋವಿಲ್ಲದೆ ಬಂದಾಕೆ

1994ನೆಯ ಇಸವಿ, ಶ್ರಾವಣ ಮಾಸ, ನಾಗರ ಪಂಚಮಿಯ ಮರುದಿನ. ಬೆಳಿಗ್ಗೆ ಆರು ಗಂಟೆ. ಸ್ಥಳ, ಲಿಂಗಸುಗೂರಿನಲ್ಲಿ ನಾನು ಹಿರಿಯ ನರ್ಸ್ ಆಗಿದ್ದ ಖಾಸಗಿ ಆಸ್ಪತ್ರೆಯ ಹಿಂದಿನ ಕೋಣೆ. ಹಾಜರಿದ್ದವರು ಮುಕ್ಕುಂದದಿಂದ ಬಂದಿದ್ದ, ನಲವತ್ತೈದರ ಆಚೀಚಿನ ಒಬ್ಬ ಒಕ್ಕಲುತನದ ಹೆಣ್ಣುಮಗಳು, ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಆಕೆಯ ತಮ್ಮ, ಮತ್ತು ನಾನು. ಎಕ್ಸ್-ರೇ ಡಾಕ್ಟರು ರಾಯಚೂರಿನಿಂದ ಹತ್ತು ಗಂಟೆಗೆ ಬರುವವರಿದ್ದರು.

ಒಂದು ದಿನವನ್ನು ಹೀಗೆ ಶುರು ಮಾಡುವುದು ನನಗೆ ನರ್ಸಿಂಗ್ ಶಾಲೆ ಕಲಿಸಿದ ಪದ್ಧತಿ. ಯಾವ ದಿನ, ಎಷ್ಟು ಹೊತ್ತು, ಯಾರಿದ್ದರು. ಉಳಿದ ಮಾತು ಆಮೇಲೆ. ಕೆಲಸದಿಂದ ನಿವೃತ್ತಳಾಗಿ ಬಹಳ ವರ್ಷವಾಯಿತು. ಪದ್ಧತಿ ಬಿಟ್ಟಿಲ್ಲ.

ಆ ದಿನದ ಕೆಲಸ ಆ ಹೆಣ್ಣುಮಗಳ ದೊಡ್ಡ ಕರುಳಿನ ಎಕ್ಸ್-ರೇ. ಈಗ ಇದೇ ಪರೀಕ್ಷೆಯನ್ನು ದೊಡ್ಡ ಊರುಗಳಲ್ಲಿ ಸಿ.ಟಿ. ಯಂತ್ರದಿಂದ ಮಾಡುತ್ತಾರೆ. ಕರುಳಿಗೆ ಗಾಳಿ ತುಂಬಿ, ಮನುಷ್ಯನನ್ನು ಒಮ್ಮೆ ಅಂಗಾತ, ಒಮ್ಮೆ ಬೋರಲು ಮಲಗಿಸಿದರೆ ಯಂತ್ರವು ಕರುಳಿನ ಒಳಗೋಡೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುತ್ತದೆ. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಇನ್ನೂ ಸಣ್ಣದಿರುವಾಗಲೇ ಸಿಕ್ಕಿಬೀಳುತ್ತದೆ. ನಮ್ಮ ಹತ್ತಿರ ಆಗ ಇದ್ದದ್ದು ಬೇರಿಯಂ, ಸುಣ್ಣದ ನೀರಿನಂಥ ಬಿಳಿ ಔಷಧಿ. ಅದನ್ನು ರಬ್ಬರ್ ನಳಿಕೆಯಿಂದ ಕರುಳಿಗೆ ಏರಿಸಿ, ಹಿಂದೆಯೇ ಗಾಳಿ ತುಂಬಿ, ಮಗ್ಗುಲಿಂದ ಮಗ್ಗುಲಿಗೆ ಹೊರಳಿಸಿ ಫಿಲ್ಮ್ ತೆಗೆಯುತ್ತಿದ್ದೆವು. ಯಂತ್ರ ಬದಲಾಯಿತು. ಕರುಳು ತೊಳೆದಿಟ್ಟ ಪಾತ್ರೆಯ ಹಾಗಿರಬೇಕು, ಮಲಗಿದವರು ಹೊರಳಬೇಕು ಎನ್ನುವುದು ಮಾತ್ರ ಹಾಗೆಯೇ ಉಳಿದಿದೆ.

ಯಂತ್ರ ಎಂಥದೇ ಇರಲಿ, ಮನುಷ್ಯ ತಾನಾಗಿ ಬಂದು ಅದರ ಕೆಳಗೆ ಮಲಗಬೇಕಲ್ಲ. ನಮ್ಮ ಕಡೆ ಆ ಕಾಲದಲ್ಲಿ ನೋವಿಲ್ಲದೆ ಯಾರೂ ದವಾಖಾನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನೋವಿದ್ದವರೂ ನಾಟಿ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಕಾಯುತ್ತಿದ್ದರು. ಈಕೆ ಬಂದದ್ದು ಗದ್ದೆಯಲ್ಲಿ ಭತ್ತದ ನಾಟಿ ನಡೆದಿದ್ದಾಗ, ಮೈಯಲ್ಲಿ ಯಾವ ನೋವೂ ಇಲ್ಲದೆ.

ಮೊದಲ ಸಲ ಬಂದದ್ದು ಪಂಚಮಿಗೆ ಎರಡು ವಾರ ಮುಂಚೆ. ಉಗುರುಗಳಲ್ಲಿ ಕೆಸರಿನ ಬಣ್ಣ ಹಾಗೇ ಇತ್ತು. ನಾನು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ.

"ಏನ್ ತ್ರಾಸ ಐತವ್ವಾ?"

"ಏನೂ ಇಲ್ರಿ."

"ಹೊಟ್ಟಿ ನೋವು?"

"ಇಲ್ರಿ."

"ಸಂಡಾಸದಾಗ ರಕ್ತ?"

"ಅದೂ ಇಲ್ರಿ."

"ಮತ್ತ್ಯಾಕ ಬಂದಿ?"

"ಇಲ್ಲ ಅನ್ನೋದು ಖರೇನ ಇಲ್ಲೇನು ಅಂತ ನೋಡಿಸಾಕ ಬಂದೀನ್ರಿ."

ನರ್ಸಿಂಗ್ ಶಾಲೆಯಲ್ಲಿ ನಮಗೆ ರೋಗ ಬರುವ ಮುಂಚಿನ ತಪಾಸಣೆಯ ಬಗ್ಗೆ ಒಂದು ಇಡೀ ಪಾಠವಿತ್ತು. ಅದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಆಕೆಯ ಮುಖ ಎಲ್ಲೋ ನೋಡಿದಂತಿತ್ತು. ಆಮೇಲೆ ಗುರುತು ಸಿಕ್ಕಿತು. ಹಿಂದಿನ ವರ್ಷ ಆಕೆಯ ಅಣ್ಣ ನಮ್ಮಲ್ಲಿಗೆ ಬಂದಿದ್ದ. ಬಹಳ ತಿಂಗಳು ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಎಂದುಕೊಂಡು ನಾಟಿ ಔಷಧಿ ತಿಂದಿದ್ದವನು. ಹೊಟ್ಟೆ ಉಬ್ಬಿ, ಕರುಳು ಪೂರ್ತಿ ಕಟ್ಟಿಕೊಂಡ ಮೇಲೆ ಎತ್ತಿನ ಗಾಡಿಯಲ್ಲಿ ಸಿಂಧನೂರಿಗೆ, ಅಲ್ಲಿಂದ ಜೀಪಿನಲ್ಲಿ ಇಲ್ಲಿಗೆ ತಂದಿದ್ದರು. ಫಿಲ್ಮ್ ನೋಡಿದ ಡಾಕ್ಟರು ರಾಯಚೂರಿಗೆ ಕಳಿಸಿದರು. ಅಲ್ಲಿ ಹೊಟ್ಟೆ ತೆರೆದವರು ಹಾಗೆಯೇ ಮುಚ್ಚಿದರು. ಅವನು ಬದುಕಲಿಲ್ಲ. ಮುಂಚೆ ಅವರ ಅಪ್ಪ ಹೋದದ್ದೂ ಹೀಗೆಯೇ ಎಂದು ಮನೆಯವರು ಹೇಳಿದಾಗ, ಉಳಿದ ಅಕ್ಕ ತಮ್ಮ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಎಕ್ಸ್-ರೇ ಡಾಕ್ಟರು, ನೀವಿಬ್ಬರೂ ಒಮ್ಮೆ ಕರುಳು ನೋಡಿಸಿಕೊಳ್ಳಲೇಬೇಕು, ಇದು ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆ ಎಂದಿದ್ದರು. ತಮ್ಮ ಅಂದೇ ಉತ್ತರ ಕೊಟ್ಟಿದ್ದ. "ಆರಾಮ ಇದ್ದವ್ರನ್ನ ಮಲಗಿಸಿ ರೋಗ ಹುಡುಕೋದು ಯಾವ ನ್ಯಾಯರೀ ಸಾಹೇಬ್ರ?"

ಅಕ್ಕ ಕಾದಳು. ಅಣ್ಣನ ವರ್ಷದ ಕಾರ್ಯ ಮುಗಿದ ಮೇಲೆ ತಮ್ಮನನ್ನು ಕೂರಿಸಿಕೊಂಡು ಮಾತು ತೆಗೆದಳಂತೆ. ನೀನು ತೋರಿಸಿಕೋ ಎಂದರೆ ಅವನು ಒಪ್ಪುವವನಲ್ಲ. ಅದಕ್ಕೇ, ನಾನು ಮೊದಲು ಮಲಗುತ್ತೇನೆ, ನನ್ನ ನಂತರ ನೀನು ಮಲಗಬೇಕು ಎಂದಳು. ಅಕ್ಕ ನಾಟಿ ಬಿಟ್ಟು ಎಲ್ಲಿ ಹೋದಾಳು ಎಂಬ ಧೈರ್ಯದ ಮೇಲೆ ಅವನು ಹೂಂ ಎಂದುಬಿಟ್ಟ. ಆಕೆ ಎರಡೇ ದಿನದಲ್ಲಿ ನನ್ನೆದುರು ನಿಂತಿದ್ದಳು.

ಹೀಗೆ ಆ ದಿನ ನಮ್ಮ ಎದುರಿಗೆ ಎರಡು ಪ್ರಶ್ನೆಗಳಿದ್ದವು. ಅಪ್ಪನನ್ನೂ ಅಣ್ಣನನ್ನೂ ಕೊಂಡೊಯ್ದದ್ದು ಆಕೆಯ ಹೊಟ್ಟೆಯಲ್ಲೂ ಇದೆಯೇ? ಉಳಿದ ಒಬ್ಬ ತಮ್ಮ ಆ ಮೇಜಿನ ಮೇಲೆ ಮಲಗುತ್ತಾನೆಯೇ?

ತಯಾರಿಯ ನಿಯಮಗಳನ್ನು ನಾನೇ ಹೇಳಿದ್ದೆ. ಎರಡು ದಿನ ರೊಟ್ಟಿ, ಪಲ್ಯ, ಬೇಳೆ, ಹಾಲು ಕೂಡದು. ಸೋಸಿದ ಅನ್ನದ ಗಂಜಿ, ತಿಳಿಸಾರು, ಸಕ್ಕರೆ ನೀರು ಮಾತ್ರ. ಹಿಂದಿನ ಸಂಜೆ ಬಂದು ಇಲ್ಲೇ ಉಳಿಯಬೇಕು, ಹೊಟ್ಟೆ ಇಳಿಸಲು ಔಡಲೆಣ್ಣೆ ಕುಡಿಸುತ್ತೇವೆ. ಬೆಳಿಗ್ಗೆ ನೀರು ಏರಿಸಿ ಕರುಳು ತೊಳೆಯುತ್ತೇವೆ. ಆಕೆ ಪ್ರತಿಯೊಂದನ್ನೂ ನನ್ನ ಹಿಂದೆಯೇ ಹೇಳಿ ಒಪ್ಪಿಸಿದಳು. ಯಾಕೆ ತೊಳೆಯಬೇಕು ಎಂದು ವಿವರಿಸಹೊರಟರೆ ನನ್ನನ್ನು ತಡೆದಳು. "ಗೊತ್ತಾತು ಬಿಡ್ರಿ. ಕಾಲುವಿಗೆ ನೀರು ಬಿಡೂಕಿಂತ ಮದ್ಲ ಹೂಳು ತಗಿಯೋದು."

ಪರೀಕ್ಷೆಯ ದಿನ ಪಂಚಮಿಯ ಮರುದಿನಕ್ಕೆ ಬಂತು. ಡಾಕ್ಟರು ವಾರಕ್ಕೊಮ್ಮೆ ಬರುವವರು, ಅವರ ವಾರ ನಮ್ಮ ಹಬ್ಬ ನೋಡುವುದಿಲ್ಲ. ತಮ್ಮ ಪಂಚಮಿಯ ದಿನವೇ ಮುಕ್ಕುಂದಕ್ಕೆ ಹೋಗಿ ಅಕ್ಕನನ್ನು ಕರೆದುಕೊಂಡು ಹೊರಟ. ಸಂಜೆ ಇಬ್ಬರೂ ನಮ್ಮ ಅಂಗಳದಲ್ಲಿ ಇಳಿದಾಗ ಆಕೆಯೇ ನಕ್ಕಳು. "ಪಂಚಮಿಗೆ ಕರಿಯಾಕ ಬಂದಾನ್ರಿ ತಮ್ಮ. ಎಲ್ಲಾರೂ ತವರು ಮನಿಗೆ ಹೊಕ್ಕಾರ, ನನ್ನ ದವಾಖಾನಿಗೆ ಕರಕೊಂಡು ಬಂದಾನ." ಔಡಲೆಣ್ಣೆಯನ್ನು ಒಂದೇ ಗುಟುಕಿಗೆ ಕುಡಿದಳು. ಮುಖ ಸಿಂಡರಿಸಿದ್ದು ಪಕ್ಕದಲ್ಲಿದ್ದ ತಮ್ಮ.

ಇಷ್ಟು ಹಿನ್ನೆಲೆ. ಈಗ ಬೆಳಗಿನ ಆರು ಗಂಟೆಗೆ ಬರುತ್ತೇನೆ.

ಮೊದಲ ಸಲ ನೀರು ಏರಿಸಿ ಇಳಿಸಿದೆ. ತಿರುಗಿ ಬಂದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ನಿಯಮ. ನೋಡಿದೆ. ನೀರಿನ ತುಂಬ ಎಳ್ಳು.

"ಇದೇನವ್ವಾ?"

ಆಕೆ ಮಂಚದಿಂದ ಬಗ್ಗಿ ನೋಡಿದಳು. "ಎಳ್ಳಲ್ರಿ."

"ನನಗೂ ಕಾಣಾಕತ್ತೈತಿ. ನಿನ್ನೆ ಏನ್ ತಿಂದಿ?"

"ನೀವು ಹೇಳಿದ್ದಷ್ಟರೀ. ಗಂಜಿ, ನೀರು."

"ಗಂಜಿಯಾಗ ಎಳ್ಳು ಎಲ್ಲಿಂದ ಬಂತು?"

ಬಾಗಿಲಾಚೆಯಿಂದ ತಮ್ಮನ ದನಿ ಬಂತು. "ಉಂಡಿ ಇರಬೇಕ್ರಿ ಸಿಸ್ಟರ."

"ನೀ ಬಾಯಿ ಮುಚ್ಕೊಂಡು ಕುಂದ್ರು ಲೇ!" ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಅದೇನು ಊಟಾ ಅಲ್ಲಲ್ರಿ. ಪಂಚಮಿ ಉಂಡಿ. ಮಸ್ಕ್ಯಾಗ ಬಸ್ ನಿಂತಾಗ ಡಬ್ಬಿ ತಗದು ಕೈಯಾಗ ಇಟ್ಟ. ತಮ್ಮ ಕೊಟ್ಟ ಪಂಚಮಿ ಉಂಡಿ ಒಲ್ಲೆ ಅನ್ನಾಕ ಬರ್ತೈತೇನ್ರಿ?"

"ಎಷ್ಟು ತಿಂದಿ?"

"ಒಂದ."

"ಎರಡ್ರಿ," ಎಂದಿತು ಬಾಗಿಲಾಚೆಯ ದನಿ.

ಆಕೆ ಮಂಚದ ಮೇಲೆ ಹಿಂದಕ್ಕೆ ಒರಗಿದಳು. "ಎರಡನೇದು ಅಣ್ಣನ ಪಾಲಿಂದ್ರಿ. ಯಾವಾಗ್ಲೂ ಅಂವನ ಬರ್ತಿದ್ದ ಕರಿಯಾಕ. ಈ ಸಲ ಇಂವ ಬಂದ. ಅಂವನ ಹೆಸರ್ಲೆ ಒಂದು ತಿಂದೆ."

ನನಗೆ ಸಿಟ್ಟು ಬಂದಿತ್ತು. ಮಾಡಿದ ತಯಾರಿ ಕೆಟ್ಟರೆ ನನಗೆ ಸಿಟ್ಟು ಬರುತ್ತದೆ. ಆ ಮಾತು ಕೇಳಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ನಮ್ಮ ಭಾಗದಲ್ಲಿ ಪಂಚಮಿ ಎಂದರೆ ಅಕ್ಕತಂಗಿಯರ ಹಬ್ಬ. ಅಣ್ಣತಮ್ಮಂದಿರು ಬಂದು ಕರೆಯಬೇಕು, ಉಂಡಿ ಕೊಡಬೇಕು, ಆಕೆ ತಿನ್ನಬೇಕು. ಎಳ್ಳುಂಡಿ, ಶೇಂಗಾದ ಉಂಡಿಗಳಿಂದ ಆ ವಾರವಿಡೀ ಮನೆಮನೆಯ ಡಬ್ಬಿಗಳು ತುಂಬಿರುತ್ತವೆ. ಯಾವ ಪಥ್ಯವೂ ಆ ಉಂಡಿಯನ್ನು ಊಟದ ಲೆಕ್ಕಕ್ಕೆ ಸೇರಿಸಿದ್ದನ್ನು ಆಕೆ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

"ಈಗೇನ್ ಮಾಡೋದ್ರಿ?" ಎಂದಳು.

"ಮತ್ತ ತೊಳೆಯೋದು."

"ತೊಳೀರಿ. ಎಷ್ಟ್ ಸಲಾ ಆದ್ರೂ ತೊಳೀರಿ."

ತೊಳೆದೆ. ನೀರು ಕಾಯಿಸಿದ್ದು, ಬಕೆಟ್ ಹೊತ್ತದ್ದು ತಮ್ಮ. ಪ್ರತಿ ಸಲ ಬಕೆಟ್ ಇಡುವಾಗಲೂ, "ಇನ್ನೂ ಬರಾಕತ್ತಾವೇನ್ರಿ?" ಎಂದು ಮೆಲ್ಲಗೆ ಕೇಳುತ್ತಿದ್ದ. ಬರುತ್ತಲೇ ಇದ್ದವು. ಎಳ್ಳು ಕರುಳಿನ ಮಡಿಕೆಗಳಲ್ಲಿ ಕೂತುಬಿಡುತ್ತದೆ. ಅನ್ನ ಕರಗುತ್ತದೆ, ರೊಟ್ಟಿ ಕರಗುತ್ತದೆ. ಅದು ಮಾತ್ರ ಹೋದ ಹಾಗೇ ಹೊರಗೆ ಬರುತ್ತದೆ.

ಡಾಕ್ಟರು ಹತ್ತಕ್ಕೆ ಬಂದರು. ಒಳ್ಳೆಯ ಎತ್ತರದ, ಕಡಿಮೆ ಮಾತಿನ ಮನುಷ್ಯ. ನಾನು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಫಿಲ್ಮಿನ್ಯಾಗ ಕಾಳೂ ಗಂಟಿನಂಗ ಕಾಣ್ತೈತಿ ಸಿಸ್ಟರ್. ಗಂಟು ಕಾಳಿನಂಗ ಕಾಣ್ತೈತಿ. ಮುಂದಿನ ವಾರಕ್ಕ ಇಟ್ಕೊಳ್ಳೋಣ."

ಮಂಚದ ಮೇಲಿದ್ದಾಕೆ ಎದ್ದು ಕೂತಳು. "ಸಾಹೇಬ್ರ, ಮುಂದಿನ ವಾರ ನಾ ಬರ್ತೀನ್ರಿ. ಇಂವ ಬರಂಗಿಲ್ಲ."

"ಅಂವಂದೇನು ಸಂಬಂಧ?"

"ನಾ ಮಲಗಿದ ಮ್ಯಾಲೆ ತಾನೂ ಮಲಗ್ತೀನಿ ಅಂದಾನ್ರಿ. ಇವತ್ತು ಆಗ್ಲಿಲ್ಲಂದ್ರ ನಾಳೆ ಪಾಳಿ ಐತಿ, ನಾಡದು ಮಗಳ ಸಾಲಿ ಐತಿ, ನೂರು ನೆವ ಹೇಳ್ತಾನ. ನಿಮಗ ಇಂವ ಗೊತ್ತಿಲ್ರಿ."

ತಮ್ಮ ಗೋಡೆಯ ಕಡೆ ನೋಡುತ್ತ ನಿಂತಿದ್ದ.

ಡಾಕ್ಟರು ಗಡಿಯಾರ ನೋಡಿಕೊಂಡರು. ಅವರು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುವವರು. ರಾಯಚೂರಿನಲ್ಲಿ ಸಂಜೆಯ ರೋಗಿಗಳಿರುತ್ತಿದ್ದರು. ಸಾಲದ್ದಕ್ಕೆ ಆ ದಿನಗಳಲ್ಲಿ ಹನ್ನೊಂದಕ್ಕೆ ಕರೆಂಟು ಹೋದರೆ ಎರಡರ ನಂತರವೇ ಬರುವುದು. ನಮ್ಮ ಜನರೇಟರಿಗೆ ದೀಪ ಉರಿಸುವ ಶಕ್ತಿ ಇತ್ತು, ಎಕ್ಸ್-ರೇ ಯಂತ್ರ ನಡೆಸುವ ಶಕ್ತಿ ಇರಲಿಲ್ಲ. ಅವರು ಚೀಲವನ್ನು ಕುರ್ಚಿಯ ಮೇಲಿಟ್ಟರು. "ಕರೆಂಟ್ ಬಂದ ಮ್ಯಾಲೆ ಮಾಡೋಣ. ಅಲ್ಲೀತನಕ ತೊಳೀರಿ," ಎಂದರು. ಅಷ್ಟೇ ಮಾತು. ಅವರ ಬಗ್ಗೆ ನನಗಿದ್ದ ಗೌರವ ಅಂದು ಎರಡರಷ್ಟಾಯಿತು.

ಕರೆಂಟು ಬರುವ ಹೊತ್ತಿಗೆ ನೀರು ಸ್ವಚ್ಛವಾಗಿತ್ತು. ಎಲ್ಲೋ ಒಂದೆರಡು ಕಾಳು. ಆಕೆಯನ್ನು ಎಕ್ಸ್-ರೇ ಕೋಣೆಗೆ ಕರೆದುಕೊಂಡು ಹೋದೆ. ತಣ್ಣಗಿನ ಕಬ್ಬಿಣದ ಮೇಜು, ಕಪ್ಪು ಪರದೆ, ಮೂಲೆಯಲ್ಲಿ ಬೇರಿಯಂನ ಬಿಳಿ ಡಬ್ಬ. ಎಂಥ ಗಟ್ಟಿಗರೂ ಆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಆಕೆ ನಿಲ್ಲಲಿಲ್ಲ. ಕೇಳಿದ್ದು ಒಂದೇ. "ಮೈ ಮ್ಯಾಲೆ ಬಟ್ಟಿ ಇರ್ತೈತಲ್ರಿ?" ಇರುತ್ತದೆ ಎಂದು ದುಪ್ಪಟಿ ಹೊದಿಸಿದೆ. ನಾನು ಹೊದಿಸಿ ಮುಗಿಸುವವರೆಗೆ ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಬೇರಿಯಂ ಏರಿತು. ಗಾಳಿ ತುಂಬಿದೆವು. ಗಾಳಿ ತುಂಬುವಾಗ ಹೊಟ್ಟೆ ಹಿಂಡುತ್ತದೆ. ಗಂಡಸರೂ ಸಾಕು ಸಾಕು ಎನ್ನುತ್ತಾರೆ. ಆಕೆಯ ಹಣೆಯ ಮೇಲೆ ಬೆವರಿನ ಸಾಲು ಮೂಡಿತು. ಉಸಿರು ಹಿಡಿ ಎಂದಾಗ ಹಿಡಿದಳು, ಬಿಡು ಎಂದಾಗ ಬಿಟ್ಟಳು. ಎಡಕ್ಕೆ, ಬಲಕ್ಕೆ, ಅಂಗಾತ.

"ಭಾಳ ತ್ರಾಸ ಆಗಾಕತ್ತೈತೇನವ್ವಾ?"

"ನಾಟಿ ಹಚ್ಚೂ ಮುಂದ ಇದಕ್ಕಿಂತ ಹೆಚ್ಚಿಗಿ ಬಗ್ಗಿರ್ತೀನ್ರಿ. ನಡೀಲಿ."

ಕೊನೆಗೆ ಬೋರಲು ಮಲಗಿಸಿ ತೆಗೆದೆವು. ಆಮೇಲೆ ಆಕೆಯನ್ನು ಬಚ್ಚಲಿಗೆ ಕಳಿಸಿ, ಹೊಟ್ಟೆ ಹಗುರಾದ ಮೇಲೆ ಒಂದು ಲೋಟ ಬಿಸಿ ಸಕ್ಕರೆ ನೀರು ಕೊಟ್ಟು ಹೊರಗಿನ ಬೆಂಚಿನ ಮೇಲೆ ತಮ್ಮನ ಪಕ್ಕ ಕೂರಿಸಿದೆ.

ಹಸಿ ಫಿಲ್ಮುಗಳನ್ನು ಡಾಕ್ಟರು ದೀಪದ ಪೆಟ್ಟಿಗೆಗೆ ಸಿಗಿಸಿ ಒಂದರ ಪಕ್ಕ ಒಂದು ನೋಡಿದರು. ನಾನೂ ಹಿಂದೆ ನಿಂತಿದ್ದೆ. ಅಂಗಾತದ ಫಿಲ್ಮಿನಲ್ಲಿ ಕರುಳಿನ ಎಡ ತಿರುವಿನ ಹತ್ತಿರ ಸಣ್ಣ ಸಣ್ಣ ಚುಕ್ಕಿಗಳು ಚೆಲ್ಲಿದ್ದವು. ಅಣ್ಣನ ಫಿಲ್ಮ್ ನಾನು ನೋಡಿದ್ದೆ, ಅದೇ ತಿರುವು. ಡಾಕ್ಟರು ಬೋರಲಿನ ಫಿಲ್ಮ್ ಹಿಡಿದರು. ಚುಕ್ಕಿಗಳು ಅಲ್ಲಿರಲಿಲ್ಲ. ಅವು ಜಾರಿ ಎದುರಿನ ಗೋಡೆಗೆ ಬಂದು ಕೂತಿದ್ದವು.

"ಎಳ್ಳು," ಎಂದರು.

ಒಂದು ಚುಕ್ಕಿ ಮಾತ್ರ ಜಾರಿರಲಿಲ್ಲ. ಕಡಲೆಕಾಳಿನಷ್ಟು ದಪ್ಪ. ಅಂಗಾತ ಮಲಗಿದಾಗ ಎಲ್ಲಿತ್ತೋ ಬೋರಲು ಮಲಗಿದಾಗಲೂ ಅಲ್ಲೇ. ಎಡಕ್ಕೆ ಹೊರಳಿದಾಗಲೂ, ಬಲಕ್ಕೆ ಹೊರಳಿದಾಗಲೂ. ಡಾಕ್ಟರು ಪೆನ್ಸಿಲಿನ ತುದಿಯನ್ನು ಅದರ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಇಬ್ಬರನ್ನೂ ಒಳಗೆ ಕರೆಸಿದರು. ಮುಚ್ಚಿಡುವ ಪದ್ಧತಿ ಅವರದಲ್ಲ. ಫಿಲ್ಮುಗಳ ಮೇಲೇ ಬೆರಳಿಟ್ಟು ತೋರಿಸಿದರು. ಇವು ಕಾಳು, ಹೊರಳಿದ ಕಡೆ ಹೊರಳ್ಯಾವ. ಇದು ಹೊರಳಿಲ್ಲ, ಕರುಳಿನ ಗೋಡೆಗೆ ಹತ್ತಿಕೊಂಡೇತಿ.

ಆಕೆ ದೀಪದ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದಳು. "ಕಸಾ ಆದ್ರ ನೀರಿನ ಸಂಗಾಟ ಹೊಕ್ಕೈತಿ. ಜಾಲಿ ಬೇರಾದ್ರ ಕಾಲುವಿ ಗೋಡಿಗೆ ನಿಂತಿರ್ತೈತಿ. ಹಂಗೇನ್ರಿ?"

"ಹಂಗ ನೋಡವ್ವಾ."

"ಅಣ್ಣಗ ಆಗಿದ್ದು ಇದನ?"

"ಇದು ಹಂಗ ಬಿಟ್ರ ಅದು ಆಗಬಹುದು. ಈಗ ಭಾಳ ಸಣ್ಣದೈತಿ. ಹೈದರಾಬಾದಿನ್ಯಾಗ ಹೊಟ್ಟಿ ಕೊಯ್ಯದ ನಳಿಕಿ ಹಾಕಿ ತಗೀತಾರ. ನಾ ಚೀಟಿ ಕೊಡ್ತೀನಿ."

ಆಕೆ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ದನಿ ಬದಲಾಗಲಿಲ್ಲ. "ಸಾಹೇಬ್ರ, ಅಣ್ಣಂದೂ ಒಂದು ಕಾಲಕ್ಕ ಇಷ್ಟ ಇತ್ತೇನ್ರಿ?"

"ಇದ್ದಿರಬೇಕು."

"ಆವಾಗ ಅಂವಗ ನೋವಿತ್ತೇನ್ರಿ?"

"ಇಲ್ಲವ್ವಾ. ಇಷ್ಟಿದ್ದಾಗ ನೋವಿರಂಗಿಲ್ಲ."

ಆಕೆ ತಮ್ಮನ ಕಡೆ ತಿರುಗಿದಳು. "ಕೇಳಿದೆಲ್ಲ?" ಎಂದಳು.

ನಾನು ಆ ಕೆಲಸದಲ್ಲಿ ಬಹಳ ಜನರನ್ನು ಕಂಡಿದ್ದೇನೆ. ಕೆಟ್ಟ ಸುದ್ದಿ ಕೇಳಿದವರು ತಮ್ಮ ಬಗ್ಗೆ ಕೇಳುತ್ತಾರೆ, ಅದು ಸಹಜ. ಆಕೆ ತನ್ನ ಹೊಟ್ಟೆಯ ಸುದ್ದಿಯನ್ನೇ ತಮ್ಮನಿಗೆ ಪಾಠವಾಗಿ ಹಿಡಿದಳು. ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಟಿ ಮುಗಿಸಿ ಹೈದರಾಬಾದಿಗೆ ಹೋದಳು, ಗಂಟು ತೆಗೆಸಿಕೊಂಡಳು, ಅದು ಇನ್ನೂ ಕೆಟ್ಟಿರಲಿಲ್ಲ. ಸುಗ್ಗಿಯಾದ ಮೇಲೆ ಒಂದು ಚೀಲ ಹೊಸ ಅಕ್ಕಿ ಹೊರಿಸಿಕೊಂಡು ಬಂದು ನನ್ನ ಬಾಗಿಲಲ್ಲಿ ಇಳಿಸಿ, ಎಳ್ಳು ಹಾಕಿಲ್ಲ, ಧೈರ್ಯದಿಂದ ಉಣ್ರಿ ಎಂದು ಹೇಳಿ ಹೋದಳು.

ಆ ಸಂಜೆಯ ಮಾತಿಗೆ ಬರುತ್ತೇನೆ. ಡಾಕ್ಟರು ಕೊನೆಯ ಬಸ್ಸಿಗೆ ಹೊರಟರು. ಅಕ್ಕ ತಮ್ಮ ಗಂಟುಮೂಟೆ ಕಟ್ಟಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ತಮ್ಮನ ಕಂಕುಳಲ್ಲಿ ಉಂಡಿಯ ಡಬ್ಬಿ. ಒಳ್ಳೆಯ ಸ್ಟೀಲಿನದು, ಮುಚ್ಚಳದ ಮೇಲೆ ಅವನ ಹೆಂಡತಿಯ ಹೆಸರು ಕೆತ್ತಿತ್ತು. ತವರಿನವರು ಕೊಟ್ಟ ಪಾತ್ರೆ.

"ಮುಂದಿನ ವಾರ ಇಂವಂದು," ಎಂದಳು ಅಕ್ಕ.

"ಪಾಳಿ ನೋಡಿ ಹೇಳ್ತೀನಿ ಬೇ ಯಕ್ಕಾ," ಎಂದ ಅವನು.

"ಶುರು ಆತು ನೋಡ್ರಿ." ಆಕೆ ಡಬ್ಬಿಗೆ ಕೈ ಹಾಕಿದಳು. "ಇದು ಇಲ್ಲೇ ಇರ್ಲಿ. ಮಲಗಿದ ಮ್ಯಾಲೆ ಬಿಡಿಸ್ಕೊಂಡು ಹೋಗು."

"ಯಕ್ಕಾ, ಡಬ್ಬಿ ಬಿಟ್ಟು ಮನಿಗೆ ಹೋದ್ರ ಆಕಿ ನನ್ನ ಒಳಗ ಬಿಡಂಗಿಲ್ಲ! ಅವರವ್ವ ಕೊಟ್ಟಿದ್ದು."

"ಅದಕ್ಕ ಇಡು ಅಂತೀನಿ."

ನಾನು ನಗು ತಡೆದುಕೊಂಡೆ. ಇಬ್ಬರೂ ಒಂದೊಂದು ಕಡೆ ಡಬ್ಬಿ ಹಿಡಿದು ನಿಂತಿದ್ದರು. ಆಗ ಅವನ ಕಣ್ಣು ಆಕೆಯ ಕಂಕುಳಲ್ಲಿದ್ದ ಫಿಲ್ಮಿನ ದೊಡ್ಡ ಲಕೋಟೆಯ ಮೇಲೆ ಬಿತ್ತು. ಕೈ ಸಡಿಲವಾಯಿತು. ಅಕ್ಕನ ಕೈಯಿಂದ ಡಬ್ಬಿಯನ್ನು ತಾನೇ ಬಿಡಿಸಿಕೊಂಡು ನನ್ನ ಎದುರಿಗೆ ಇಟ್ಟ.

"ಇಟ್ಕೋರಿ ಸಿಸ್ಟರ. ನನ್ನ ಕಡೆ ಇದ್ರ ತಿಂತೀನಿ. ಮತ್ತ ಬಕೆಟ್ ಹೊರಾಕ ಯಾರಿದಾರ?"

"ನಾ ಇದೀನಲ್ಲ," ಎಂದಳು ಅಕ್ಕ.

"ಬೀಗಾ ಹಾಕ್ರಿ," ಎಂದ ಅವನು.

ಅವರಿಬ್ಬರೂ ಬಸ್ ನಿಲ್ದಾಣದ ಕಡೆ ಹೋದ ಮೇಲೆ ಮೇಜು ಒರೆಸಿದೆ, ರಬ್ಬರ್ ನಳಿಕೆಗಳನ್ನು ಕುದಿಸಿ ಒಣಗಲು ಹಾಕಿದೆ, ಮರುದಿನದ ಟ್ರೇಗಳ ಮೇಲೆ ಬಟ್ಟೆ ಮುಚ್ಚಿದೆ. ಕೊನೆಗೆ ಉಂಡಿಯ ಡಬ್ಬಿಯನ್ನು ಔಷಧಿ ಕಪಾಟಿನ ಮೇಲಿನ ಹಲಗೆಯಲ್ಲಿ ಔಡಲೆಣ್ಣೆಯ ಬಾಟಲಿಯ ಪಕ್ಕ ಇಟ್ಟು ಬೀಗ ಹಾಕಿದೆ.